ಹತ್ತೂವರೆ ಸಾವಿರ ಕೇಳಿದರು, 1,710ಕ್ಕೆ ಹೆಸರು ವಾಪಸ್ ಬಂತು

ಅಪ್ಪೆಮಿಡಿ ಬರುವ ಕಾಲಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ತೊಟ್ಟು ಮುರಿಯದ ಹಾಗೆ ಮಿಡಿ ಆರಿಸಬೇಕು, ತೊಳೆದು ಒರೆಸಬೇಕು, ಭರಣಿಯಲ್ಲಿ ಉಪ್ಪಿಗೆ ಹಾಕಬೇಕು. ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಉಪ್ಪಿನಕಾಯಿ ಹಾಕುವುದು ಅತ್ತಿಗೆ. ಲೆಕ್ಕ, ಆರ್ಡರ್, ಕೊರಿಯರ್ ಎಲ್ಲ ನನ್ನದು. ಅಂಥ ಗಡಿಬಿಡಿಯಲ್ಲಿ, 2025ರ ಮಾರ್ಚ್ 17ರಂದು, ಮೈಸೂರಿನ ಹಳೇ ಗಿರಾಕಿಯೊಬ್ಬರು ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಕಳಿಸಿದರು. ನಮ್ಮ ವೆಬ್‌ಸೈಟ್ ಇರಬೇಕಾದ ಜಾಗದಲ್ಲಿ ಯಾರದೋ ಜಾಹೀರಾತು. ಕೆಳಗೆ, "ವ್ಯಾಪಾರ ನಿಲ್ಲಿಸಿಬಿಟ್ರಾ?" ಅಂತ ಕೇಳಿದ್ದರು.

ಡೊಮೇನ್, ಅಂದರೆ ನಮ್ಮ ವೆಬ್‌ಸೈಟ್‌ನ ಹೆಸರು, ಅದರ ಅವಧಿ ಮಾರ್ಚ್ 4ಕ್ಕೇ ಮುಗಿದಿತ್ತು. ಸೈಟ್ ಮಾಡಿಕೊಟ್ಟ ಹುಡುಗ 2020ರಲ್ಲಿ ಐದು ವರ್ಷಕ್ಕೆ ಒಟ್ಟಿಗೇ ದುಡ್ಡು ಕಟ್ಟಿದ್ದ, ಮೇಲ್ ವಿಳಾಸ ಮಾತ್ರ ತನ್ನದೇ ಕೊಟ್ಟಿದ್ದ. ಡೊಮೇನ್ ಮಾರುವ ರಿಜಿಸ್ಟ್ರಾರ್ ಕಂಪನಿಗಳು ಅವಧಿ ಮುಗಿಯುವ ಸುಮಾರು ತಿಂಗಳು ಮುಂಚೆ ಒಮ್ಮೆ, ವಾರ ಮುಂಚೆ ಮತ್ತೊಮ್ಮೆ, ಮುಗಿದ ಐದು ದಿನದೊಳಗೆ ಇನ್ನೊಮ್ಮೆ ನೆನಪಿಸಬೇಕು ಅಂತ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಜಾಗತಿಕ ಸಂಸ್ಥೆ ಐಕ್ಯಾನ್‌ನ ನಿಯಮವೇ ಇದೆ. ಅವರು ನೆನಪಿಸಿಯೂ ಇದ್ದರು. ಹುಡುಗ ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಫೋನ್ ಮಾಡಿದರೆ, "ಅಕ್ಕಾ, ಆ ಮೇಲ್ ತೆಗೆದು ನೋಡದೆ ಎರಡು ವರ್ಷ ಆಯ್ತು" ಅಂದ. ಪಾಪ, ಕೂಡಲೇ ಪಾಸ್‌ವರ್ಡ್ ಕೊಟ್ಟ, ಓಟಿಪಿ ಬಂದಾಗೆಲ್ಲ ಓದಿ ಹೇಳಿದ.

ಸೈಟ್ ಅಷ್ಟೇ ಅಲ್ಲ, ಅದೇ ಹೆಸರಿನ ಮೇಲ್ ಕೂಡ ನಿಂತಿತ್ತು. ಬೆಂಗಳೂರಿನ ಅಂಗಡಿಯೊಂದು ಕಳಿಸಿದ್ದ ನಲವತ್ತು ಬಾಟಲಿಯ ಆರ್ಡರ್ ವಾಪಸ್ ಹೋಗಿದೆ ಅಂತ ಆಮೇಲೆ ತಿಳಿಯಿತು. ಅತ್ತಿಗೆಯ ಚಿಂತೆ ಬೇರೆ. ಆ ಹೆಸರು ಅಚ್ಚಾದ ಎರಡು ಸಾವಿರ ಲೇಬಲ್ ಹೊಸದಾಗಿ ಬಂದು ಅಟ್ಟದ ಮೇಲೆ ಕೂತಿತ್ತು. "ಹೆಸರು ಹೋದ್ರೆ ಲೇಬಲ್ ಏನ್ ಮಾಡೋದೇ?" ಅಂತ ಕೇಳಿ ಸುಮ್ಮನಾದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಡೊಮೇನ್ ಮಾರಿದ್ದ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹೆಸರು ಹೇಳುವುದಿಲ್ಲ, ಮೊದಲ ವರ್ಷಕ್ಕೆ ಚಿಲ್ಲರೆ ಬೆಲೆ ತೋರಿಸಿ, ರಿನ್ಯೂವಲ್‌ಗೆ ಬಂದಾಗ ಭಾರೀ ಬೆಲೆ ಹೇಳುವ ಥರದ್ದು. "ಮ್ಯಾಡಂ, ನಿಮ್ಮ ಡೊಮೇನ್ ರಿಡೆಂಪ್ಷನ್‌ಗೆ ಹೋಗಿದೆ, 8,900 ಪ್ಲಸ್ ಜಿಎಸ್‌ಟಿ" ಅಂದರು. ಅಳಿಸಿದ ಹೆಸರನ್ನು ಬಿಡಿಸಿಕೊಳ್ಳುವ ಹಂತಕ್ಕೆ ಹೋಗಿದೆ ಅಂತ ಅರ್ಥ, ಒಟ್ಟು ಹತ್ತೂವರೆ ಸಾವಿರ. ಆ ಗಾಬರಿಯಲ್ಲಿ ಕಟ್ಟಿಯೇ ಬಿಡುತ್ತಿದ್ದೆ.

ಕಟ್ಟುವ ಮುಂಚೆ ಐಕ್ಯಾನ್‌ನವರ ಲುಕಪ್ ಪುಟಕ್ಕೆ ಹೋಗಿ ನಮ್ಮ ಹೆಸರು ಹಾಕಿ ನೋಡಿದೆ. ಅದು ಎಲ್ಲರಿಗೂ ಪುಕ್ಕಟೆ. ಅಲ್ಲಿ ಸ್ಟೇಟಸ್ ಅಂತ ಒಂದು ಸಾಲು ಇರುತ್ತದೆ. ನಮ್ಮದರಲ್ಲಿ "ಆಟೋ ರಿನ್ಯೂ ಪೀರಿಯಡ್" ಅಂತ ಇತ್ತು, ರಿಡೆಂಪ್ಷನ್ ಅನ್ನುವ ಪದವೇ ಇರಲಿಲ್ಲ. ಈ ಸಾಲು ಬರುವುದು ಎಲ್ಲ ಹೆಸರುಗಳ ಮೂಲ ದಾಖಲೆ ಇಡುವ ರಿಜಿಸ್ಟ್ರಿಯಿಂದ, ಡಾಟ್ ಕಾಮ್‌ಗೆ ಅದು ವೆರಿಸೈನ್. ಅವಧಿ ಮುಗಿದ ದಿನವೇ ವೆರಿಸೈನ್ ತನ್ನಷ್ಟಕ್ಕೆ ಒಂದು ವರ್ಷ ಮುಂದೂಡಿ, ರಿಜಿಸ್ಟ್ರಾರ್‌ಗೆ 45 ದಿನದ ಗಡುವು ಕೊಡುತ್ತದೆ. ಗಿರಾಕಿ ದುಡ್ಡು ಕೊಡದಿದ್ದರೆ ಅಷ್ಟರೊಳಗೆ ಅವರು ಹೆಸರನ್ನು ಅಳಿಸಬಹುದು. ಅಳಿಸಿದ ಮೇಲಷ್ಟೇ 30 ದಿನದ ರಿಡೆಂಪ್ಷನ್. ಆಗ ಬಿಡಿಸಿಕೊಳ್ಳಲು ರಿಜಿಸ್ಟ್ರಿಗೂ ಬೇರೆ ಶುಲ್ಕ ಹೋಗುವುದರಿಂದ ಬೆಲೆ ಏರುತ್ತದೆ. ಅದೂ ದಾಟಿದರೆ 5 ದಿನ ಪೆಂಡಿಂಗ್ ಡಿಲೀಟ್, ಆಮೇಲೆ ಯಾರು ಬೇಕಾದರೂ ಹೆಸರು ಕೊಳ್ಳಬಹುದು. ಗಡುವು ಇದೆ ಅಂತ 45 ದಿನ ಪೂರ್ತಿ ಕಾಯುವ ಹಾಗೂ ಇಲ್ಲ, ಎಷ್ಟೋ ಕಂಪನಿಗಳು ಅದಕ್ಕೂ ಮೊದಲೇ ಹೆಸರನ್ನು ಹರಾಜಿಗೆ ಇಡುತ್ತವೆ.

ನಮಗಿನ್ನೂ ಹದಿನಾಲ್ಕೇ ದಿನ ಆಗಿತ್ತು. ಸ್ಟೇಟಸ್ ಸಾಲಿನ ಸ್ಕ್ರೀನ್‌ಶಾಟ್ ಹಾಕಿ, "ರಿಜಿಸ್ಟ್ರಿಯ ಪ್ರಕಾರ ಇದು ರಿಡೆಂಪ್ಷನ್‌ನಲ್ಲಿ ಇಲ್ಲ, ಮಾಮೂಲಿ ರಿನ್ಯೂವಲ್ ದರ ತೋರಿಸಿ" ಅಂತ ಮೇಲ್ ಬರೆದೆ. ಮಾರ್ಚ್ 19ರ ಬೆಳಿಗ್ಗೆ ನೋಡಿದರೆ ಅಕೌಂಟ್‌ನಲ್ಲಿ 1,449 ರೂಪಾಯಿ ಅಂತ ಬಂದಿತ್ತು. ಕಾರ್ಟ್‌ನಲ್ಲಿ ಪ್ರೈವಸಿ, ಸೆಕ್ಯೂರಿಟಿ ಅಂತ ತಾವೇ ಟಿಕ್ ಹಾಕಿಟ್ಟಿದ್ದನ್ನು ತೆಗೆದೆ. ಶೇ 18 ಜಿಎಸ್‌ಟಿ ಸೇರಿ 1,710. ಸಂಜೆಯೊಳಗೆ ಸೈಟ್ ತೆರೆಯಿತು. ತಪ್ಪು ತಿದ್ದಿದ್ದಕ್ಕೆ ಅವರಿಂದ ಒಂದು ಮಾತೂ ಬರಲಿಲ್ಲ. ನನಗೆ ಈಗಲೂ ಬೇಜಾರು ಅದಕ್ಕೇ: ಎಷ್ಟು ಜನ ಕೇಳಿದಷ್ಟು ಕಟ್ಟಿ ಬಂದಿರಬಹುದು?

ಅವತ್ತೇ ಬೇರೆ ಕಂಪನಿಗೆ ಟ್ರಾನ್ಸ್‌ಫರ್ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಅವಧಿ ಮುಗಿದಿದೆ, ಮುಂದಿನ ವರ್ಷದ ದುಡ್ಡು ಕಟ್ಟಿಲ್ಲ ಅನ್ನುವ ಕಾರಣಕ್ಕೆ ಟ್ರಾನ್ಸ್‌ಫರ್ ತಡೆಯುವಂತಿಲ್ಲ ಅಂತ ಐಕ್ಯಾನ್ ನಿಯಮ ಹೇಳುತ್ತದೆ. ಟ್ರಾನ್ಸ್‌ಫರ್‌ಗೆ ಬೇಕಾದ ಗುಪ್ತ ಸಂಕೇತ, ಅಂದರೆ ಆಥ್ ಕೋಡ್ ಕೇಳಿದರೆ ಐದು ದಿನದೊಳಗೆ ಕೊಡಬೇಕು. ಆದರೆ ಕೋಡ್‌ಗೆ ಐದು ದಿನ, ಟ್ರಾನ್ಸ್‌ಫರ್‌ಗೆ ಇನ್ನೈದು ದಿನ ಅಂತಾದರೆ ಹಂಗಾಮಿನಲ್ಲಿ ಅಂಗಡಿ ಬಾಗಿಲು ಹಾಕಿದ ಹಾಗೆ. ಅದಕ್ಕೇ ಮೊದಲು ರಿನ್ಯೂ ಮಾಡಿಸಿದೆ. ಹಾಗೆ ರಿನ್ಯೂ ಮಾಡಿಸಿದ ಕೂಡಲೇ ಟ್ರಾನ್ಸ್‌ಫರ್‌ಗೂ ಹೊರಡಬಾರದು. ಅವಧಿ ಮುಗಿದ 45 ದಿನದೊಳಗೆ ಬೇರೆ ಕಡೆ ಹೋದರೆ ಆಗಷ್ಟೇ ದುಡ್ಡು ಕೊಟ್ಟ ಒಂದು ವರ್ಷ ಕೈಬಿಟ್ಟು ಹೋಗುತ್ತದೆ. ನಾನು ಅವತ್ತೇ ಮಾಲೀಕರ ಮೇಲ್ ವಿಳಾಸವನ್ನು ನನ್ನದಕ್ಕೆ ಬದಲಿಸಿದ್ದರಿಂದ 60 ದಿನ ಟ್ರಾನ್ಸ್‌ಫರ್ ಮಾಡದ ಹಾಗೆ ಲಾಕ್ ಕೂಡ ಬಿತ್ತು. ಹೇಗೂ ಕಾಯಬೇಕಿತ್ತು, ಕಾದೆ.

ಮೇ 20ಕ್ಕೆ ಡೊಮೇನನ್ನು ಕ್ಲೌಡ್‌ಫ್ಲೇರ್ ಅನ್ನುವ ಇಂಟರ್‌ನೆಟ್ ಕಂಪನಿಗೆ ಸಾಗಿಸಲು ಹೊರಟೆ. ಅವರ ರಿಜಿಸ್ಟ್ರಾರ್ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೆಲೆ. ವೆರಿಸೈನ್ ಆಗ ತೆಗೆದುಕೊಳ್ಳುತ್ತಿದ್ದ 10.26 ಡಾಲರ್, ಐಕ್ಯಾನ್‌ನ ಆಗಿನ 18 ಸೆಂಟ್, ಮೇಲೆ ತಮ್ಮ ಲಾಭ ಅಂತ ಒಂದು ಪೈಸೆ ಇಲ್ಲ. ರಿನ್ಯೂವಲ್‌ಗೂ ಅದೇ ಲೆಕ್ಕ. ನನ್ನ ಕಾರ್ಡಿನಲ್ಲಿ ಬ್ಯಾಂಕಿನ ಕಡಿತ ಎಲ್ಲ ಸೇರಿ ಸಾವಿರದ ಆಸುಪಾಸು ಹೋಯಿತು, ಅದರಲ್ಲೇ ಇನ್ನೊಂದು ವರ್ಷವೂ ಸೇರಿಕೊಂಡಿತು. ಮನೆ ವಿಳಾಸ, ಫೋನ್ ನಂಬರ್ ಹೊರಗೆ ಕಾಣದ ಹಾಗೆ ಮುಚ್ಚಿಡುವುದಕ್ಕೆ ಬೇರೆ ದುಡ್ಡಿಲ್ಲ.

ಟ್ರಾನ್ಸ್‌ಫರ್‌ಗಿಂತ ಮೊದಲು ಸೈಟನ್ನು ಅವರ ಉಚಿತ ಪ್ಲಾನ್‌ಗೆ ಸೇರಿಸಬೇಕು. ಸೈಟ್ ಎಲ್ಲಿದೆ ಅಂತ ದಾರಿ ತೋರಿಸುವ ಎರಡು ನೇಮ್‌ಸರ್ವರ್ ಕೊಡುತ್ತಾರೆ, ಎರಡಕ್ಕೂ ಮನುಷ್ಯರ ಹೆಸರು! ಸೈಟ್, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಹಳೇ ಡಿಎನ್‌ಎಸ್ ದಾಖಲೆಗಳನ್ನು ಅವರೇ ಹುಡುಕಿ ತುಂಬುತ್ತಾರೆ, ಆದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಡಿ. ನಮ್ಮದರಲ್ಲಿ ಮೇಲ್‌ಗೆ ಬೇಕಾದ ಎರಡು ಟಿಎಕ್ಸ್‌ಟಿ ಸಾಲು ಬಿಟ್ಟುಹೋಗಿತ್ತು, ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ತಾಳೆ ನೋಡಿ ಸೇರಿಸಿದೆ. ಡಿಎನ್‌ಎಸ್‌ಸೆಕ್ ಅನ್ನುವ ಸುರಕ್ಷತಾ ವ್ಯವಸ್ಥೆ ಇದ್ದರೆ ಮೊದಲೇ ತೆಗೆಯಬೇಕು. ಆಮೇಲೆ ಹಳೇ ಕಡೆ ಲಾಕ್ ತೆಗೆದು, ಆಥ್ ಕೋಡ್ ಹಾಕಿ, ದುಡ್ಡು ಕಟ್ಟಿದರಾಯಿತು. ನನ್ನ ಕಾರ್ಡ್ ಮೊದಲ ಸಲ ಫೇಲ್ ಆಯಿತು. ಬ್ಯಾಂಕಿನ ಆಪ್‌ನಲ್ಲಿ ಇಂಟರ್‌ನ್ಯಾಷನಲ್ ಟ್ರಾನ್ಸಾಕ್ಷನ್ ಆಫ್ ಇತ್ತು, ಆನ್ ಮಾಡಿದ ಮೇಲೆ ಹೋಯಿತು. ಐದನೇ ದಿನ ಡೊಮೇನ್ ನಮ್ಮ ಅಕೌಂಟಿಗೆ ಬಂತು, ಮಧ್ಯೆ ಸೈಟ್ ಒಂದು ನಿಮಿಷವೂ ನಿಲ್ಲಲಿಲ್ಲ.

ಕೊರತೆಯೂ ಇದೆ. ಡೊಮೇನ್ ಅವರಲ್ಲಿ ಇರುವಷ್ಟು ದಿನ ನೇಮ್‌ಸರ್ವರ್ ಕೂಡ ಅವರದ್ದೇ ಇರಬೇಕು, ಮಾಮೂಲಿ ಪ್ಲಾನ್‌ನಲ್ಲಿ ಬೇರೆ ಹಾಕಲು ಬಿಡುವುದಿಲ್ಲ. ಫೋನ್ ಮಾಡಿ ಮಾತಾಡೋಣ ಅಂದರೆ ನಮ್ಮಂಥ ಉಚಿತ ಪ್ಲಾನ್‌ನವರಿಗೆ ಆ ಸೌಲಭ್ಯ ಇಲ್ಲ, ಕನ್ನಡದಲ್ಲಂತೂ ಒಂದು ಸಾಲೂ ಇಲ್ಲ. ಡಿಎನ್‌ಎಸ್ ಅಂದರೆ ಹೆದರುವವರು ಪಕ್ಕದಲ್ಲಿ ತಿಳಿದವರೊಬ್ಬರನ್ನು ಕೂರಿಸಿಕೊಂಡೇ ಮಾಡಿ. ಎಲ್ಲ ಬಗೆಯ ಡೊಮೇನ್ ಅವರು ತೆಗೆದುಕೊಳ್ಳುವುದಿಲ್ಲ, ನಿಮ್ಮದು ಅವರ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ.

ಆಟೋ ರಿನ್ಯೂ ಆನ್ ಇಟ್ಟಿದ್ದೇನೆ, ಆದರೆ ಅದನ್ನೇ ನೆಚ್ಚಿಕೊಂಡಿಲ್ಲ. ತಾನಾಗಿ ದುಡ್ಡು ಕಡಿತವಾಗುವುದಕ್ಕೆ 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮ ಬಿಗಿಯಾಗಿದೆ, ಹೊರದೇಶದ ಕಂಪನಿಗಳ ಕಡಿತವನ್ನು ನಮ್ಮ ಬ್ಯಾಂಕ್ ಎಷ್ಟೋ ಸಲ ತಿರಸ್ಕರಿಸುತ್ತದೆ. ಈಗ ನಮ್ಮ ಹೆಸರಿನ ಅವಧಿ 2027ರ ಮಾರ್ಚ್ 4ರವರೆಗೆ ಇದೆ. ಒಟ್ಟು ಹತ್ತು ವರ್ಷದವರೆಗೆ ಮುಂಗಡ ಕಟ್ಟಬಹುದು. ಅಡಿಕೆ ದುಡ್ಡು ಕೈಗೆ ಬಂದ ಕೂಡಲೇ ಮೂರು ವರ್ಷಕ್ಕೆ ಕಟ್ಟಿಬಿಡೋಣ ಅಂತ ಅತ್ತಿಗೆಯ ಹತ್ತಿರ ಹೇಳಿಟ್ಟಿದ್ದೇನೆ. ಅಟ್ಟದ ಮೇಲಿದ್ದ ಲೇಬಲ್‌ಗಳಲ್ಲಿ ಅರ್ಧಕ್ಕರ್ಧ ಆಗಲೇ ಬಾಟಲಿಗೆ ಅಂಟಿ ಊರೂರಿಗೆ ಹೋಗಿವೆ.