ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವ ದುಡ್ಡನ್ನು ನಂಬಿ ಸಾಲ ಮಾಡಬೇಡಿ

ಆನ್‌ಲೈನ್ ಅಂಗಡಿ ಇಟ್ಟವರು, ಇಡಬೇಕು ಅಂತ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕೋಪದಲ್ಲೇ ಬರೆಯುತ್ತಿದ್ದೇನೆ. ಹೇಳಿದ್ದನ್ನೇ ಮತ್ತೆ ಹೇಳಬಹುದು, ಸಹಿಸಿಕೊಳ್ಳಿ.

ನನ್ನ ಮಾರಾಟದ ದುಡ್ಡು ಸಿಕ್ಕಿಹಾಕಿಕೊಂಡಿತ್ತು. ಒಂದು ಭಾಗ ಇನ್ನೂ ಸಿಕ್ಕಿಕೊಂಡೇ ಇದೆ. ಯಾರೂ ಕದ್ದಿಲ್ಲ, ಯಾರೂ ಹ್ಯಾಕ್ ಮಾಡಿಲ್ಲ. ಗ್ರಾಹಕರು ಕೊಟ್ಟಿದ್ದಾರೆ, ಸರಕು ಅವರ ಕೈ ಸೇರಿದೆ, ಒಬ್ಬರೂ ದೂರು ಕೊಟ್ಟಿಲ್ಲ. ಆದರೂ ಮಧ್ಯದಲ್ಲಿ ಕೂತ ಪೇಮೆಂಟ್ ಕಂಪನಿ ಅದನ್ನು ಹಿಡಿದಿಟ್ಟುಕೊಂಡಿತು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿ ಇನ್ನೊಂದು ತಲೆನೋವು ಹಚ್ಚಿಕೊಳ್ಳುವ ತಾಕತ್ತು ಈಗ ನನಗಿಲ್ಲ. ಹೆಸರು ಬೇಕಾಗಿಯೂ ಇಲ್ಲ, ಈ ವಿಷಯದಲ್ಲಿ ಇಂಥ ಕಂಪನಿಗಳ ಷರತ್ತುಗಳು ಹೆಚ್ಚು ಕಡಿಮೆ ಒಂದೇ ತರ ಇರುತ್ತವೆ.

ನಾನು ಮಾರುವುದು ಕೈಯಲ್ಲಿ ಹೊಲಿದ ಡೈರಿ, ನೋಟ್‌ಬುಕ್. ಡೈರಿ ವ್ಯಾಪಾರ ಅಂದರೆ ಏನು ಅಂತ ನಿಮಗೂ ಗೊತ್ತಲ್ವಾ. ವರ್ಷದ ಮುಕ್ಕಾಲು ಭಾಗ ನೊಣ ಹೊಡೆಯುವುದು, ಡಿಸೆಂಬರ್ ಹತ್ತಿರ ಬಂದಾಗ ಊಟಕ್ಕೂ ಪುರುಸೊತ್ತಿಲ್ಲದ ಹಾಗೆ ಆರ್ಡರ್. ಆ ಒಂದು ತಿಂಗಳ ದುಡ್ಡಿನಲ್ಲೇ ಕಾಗದದವರಿಗೆ, ಬೈಂಡಿಂಗ್‌ನವರಿಗೆ, ಕೊರಿಯರ್‌ನವರಿಗೆ ಎಲ್ಲ ತೀರಿಸಬೇಕು. ಇದರಲ್ಲಿ ಅನುಮಾನ ಪಡುವಂಥದ್ದು ಏನಿದೆ? ಡೈರಿ ಡಿಸೆಂಬರ್‌ನಲ್ಲಿ ಮಾರಾಟವಾಗದೆ ಇನ್ನು ಜೂನ್‌ನಲ್ಲಿ ಆಗುತ್ತದಾ?

ಸೇರುವಾಗ ದೊಡ್ಡ ಅಕ್ಷರದಲ್ಲಿ ಬರೆದಿದ್ದರು: "2 ದಿನದಲ್ಲಿ ಹಣ ನಿಮ್ಮ ಬ್ಯಾಂಕಿಗೆ." ಈ 2 ದಿನದ ಕಥೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೋಸ ಶುರುವಾಗುವುದೇ ಇಲ್ಲಿಂದ. ಗ್ರಾಹಕರು ಕಾರ್ಡ್ ನಂಬರ್ ಹಾಕಿ ಬಟನ್ ಒತ್ತಿದ ತಕ್ಷಣ ದುಡ್ಡು ಎಲ್ಲಿಗೂ ಹೋಗುವುದಿಲ್ಲ. ಅವರ ಬ್ಯಾಂಕ್ "ಸರಿ, ಇಷ್ಟು ಇದೆ" ಅಂತ ಒಪ್ಪಿಗೆ ಕೊಡುತ್ತದೆ, ಅಷ್ಟೇ. ಆಮೇಲೆ ಆ ಮೊತ್ತ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ನೆಟ್‌ವರ್ಕ್ ದಾಟಿ, ಪೇಮೆಂಟ್ ಕಂಪನಿಯ ಬ್ಯಾಂಕಿಗೆ ಬಂದು, ಅವರ ಕಮಿಷನ್ ಕಳೆದು, ಕೊನೆಗೆ ನಮ್ಮ ಕಡೆ ಹೊರಡಬೇಕು. "2 ದಿನ" ಅಂದರೆ 2 ಕೆಲಸದ ದಿನ. ಶನಿವಾರ, ಭಾನುವಾರ, ಬ್ಯಾಂಕ್ ರಜೆ ಲೆಕ್ಕಕ್ಕಿಲ್ಲ. ದಿನದ ಕಟಾಫ್ ಹೊತ್ತು ಮೀರಿ ಬಂದ ಆರ್ಡರ್ ಮರುದಿನದ್ದು ಅಂತಲೇ ಲೆಕ್ಕ. ಹೊಸ ಅಕೌಂಟ್ ಆದರೆ ಮೊದಲನೇ ಪೇಔಟ್‌ಗೇ (ಅಂದರೆ ಅವರು ನಮ್ಮ ಬ್ಯಾಂಕಿಗೆ ಹಾಕುವ ದುಡ್ಡಿಗೇ) 7ರಿಂದ 14 ದಿನ ಕಾಯಿಸುವುದು ಮಾಮೂಲು. ಮಾರ್ಕೆಟ್‌ಪ್ಲೇಸ್‌ಗಳಲ್ಲಿ, ಅಂದರೆ ಹಲವು ಅಂಗಡಿಯವರು ಒಂದೇ ಸೈಟಿನಲ್ಲಿ ಮಾರುವ ಕಡೆ, ಮಾರುವವರದ್ದು ಇನ್ನೊಂದು ಲೆಕ್ಕ. ಅಲ್ಲಿ ಸರಕು ಮುಟ್ಟಿದ ಮೇಲೂ ಕೆಲವು ದಿನ ತಡೆದು, 14 ದಿನಕ್ಕೊಮ್ಮೆ ಕೊಡುವವರೂ ಇದ್ದಾರೆ.

ಇಷ್ಟೆಲ್ಲ ಗೊತ್ತಿತ್ತು ನನಗೆ. ಷರತ್ತುಗಳನ್ನೂ ಓದಿದ್ದೆ. ತಿಂಗಳುಗಟ್ಟಲೆ ಎಲ್ಲ ಸರಿಯಾಗಿಯೇ ನಡೆಯಿತು. ಚಿಲ್ಲರೆ ಆರ್ಡರ್, ಚಿಲ್ಲರೆ ಪೇಔಟ್, ಹೇಳಿದ ದಿನಕ್ಕೆ ಸರಿಯಾಗಿ ಜಮಾ. ಸಣ್ಣ ಮೊತ್ತ ಇರುವವರೆಗೆ ಇವರು ಬಹಳ ಒಳ್ಳೆಯವರು ಸ್ವಾಮಿ.

ಸೀಸನ್ ಶುರುವಾಯಿತು. ಆರ್ಡರ್ ಮೇಲೆ ಆರ್ಡರ್. ಡ್ಯಾಶ್‌ಬೋರ್ಡ್, ಅಂದರೆ ಕಂಪನಿಯ ಸೈಟಿನಲ್ಲಿ ನನ್ನ ಲೆಕ್ಕ ತೋರಿಸುವ ಪುಟ, ತೆರೆದರೆ ಮೇಲೆ ದಪ್ಪ ಹಸಿರು ಅಕ್ಷರದಲ್ಲಿ ಒಟ್ಟು ಮೊತ್ತ. ಅದರ ಕೆಳಗೆ ಬೂದು ಬಣ್ಣದಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣಗೆ, "ಬರುವ ನಿರೀಕ್ಷೆ" ಅಂತ ಒಂದು ತಾರೀಕು. ಆ ತಾರೀಕು ನೋಡಿ ಕಾಗದದವರಿಗೆ ಮಾತು ಕೊಟ್ಟೆ. ಎಲ್ಲರೂ ಹಾಗೇ ಮಾಡುವುದಲ್ವಾ? ಬರುವ ದುಡ್ಡು ನೋಡಿಕೊಂಡೇ ತಾನೇ ಮುಂದಿನ ಸರಕು ಎತ್ತುವುದು?

ಆ ದಿನ ಬೆಳಗ್ಗೆ ನೋಡುತ್ತೇನೆ, ತಾರೀಕು ಮುಂದೆ ಹೋಗಿದೆ. ಮೇಲ್ ಇಲ್ಲ, ಮೆಸೇಜ್ ಇಲ್ಲ. ಸುಮ್ನೆ ಮುಂದೆ ಹೋಗಿದೆ. ನಾನೇ ತಪ್ಪಾಗಿ ಓದಿದ್ದೆನೇನೋ ಅಂದುಕೊಂಡೆ. ಮರುದಿನ ಮತ್ತೆ ಮುಂದೆ. ಅದರ ಮರುದಿನವೂ ಅದೇ. ಹಸಿರು ಮೊತ್ತ ಮಾತ್ರ ಏರುತ್ತಲೇ ಇದೆ. ಅಂದರೆ ಗ್ರಾಹಕರಿಂದ ದುಡ್ಡು ತೆಗೆದುಕೊಳ್ಳುವುದು ಒಂದು ಕ್ಷಣವೂ ನಿಂತಿಲ್ಲ, ನನಗೆ ಕೊಡುವುದು ಮಾತ್ರ ನಿಂತಿದೆ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ ನೋಡಿ. ಅನುಮಾನ ಇದ್ದಿದ್ದರೆ ಪಾವತಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಿತ್ತು. ನಾನೂ ಸರಕು ಕಳಿಸುವುದನ್ನು ನಿಲ್ಲಿಸುತ್ತಿದ್ದೆ. ಅದು ಬಿಟ್ಟು ನನ್ನ ಕೈಯಲ್ಲಿ ಸರಕೆಲ್ಲ ಕಳಿಸುವ ಹಾಗೆ ಮಾಡಿ, ಕೊರಿಯರ್ ಖರ್ಚೂ ನನ್ನ ತಲೆಗೇ ಕಟ್ಟಿ, ಆಮೇಲೆ ಪರಿಶೀಲನೆಯಂತೆ!

ಚಾಟ್‌ನಲ್ಲಿ ಕೇಳಿದೆ. ಮೊದಲು ಬಾಟ್. "ನಿಮ್ಮ ಪೇಔಟ್ ವೇಳಾಪಟ್ಟಿಯ ಪ್ರಕಾರ ನಡೆಯುತ್ತಿದೆ." ಯಾವ ವೇಳಾಪಟ್ಟಿ? ದಿನವೂ ಬದಲಾಗುವುದು ವೇಳಾಪಟ್ಟಿ ಹೇಗಾಗುತ್ತದೆ? ಮನುಷ್ಯರು ಬೇಕು ಅಂತ ಟೈಪ್ ಮಾಡಿ ಮಾಡಿ ಸಾಕಾದ ಮೇಲೆ ಒಬ್ಬರು ಬಂದರು. "ನಿಮ್ಮ ತಾಳ್ಮೆಗೆ ಧನ್ಯವಾದಗಳು. ನಿಮ್ಮ ಅಕೌಂಟ್ ಸಾಮಾನ್ಯ ಪರಿಶೀಲನೆಯಲ್ಲಿದೆ." ಎಷ್ಟು ದಿನ ಅಂದೆ. "ಸಮಯ ಹೇಳಲು ಸಾಧ್ಯವಿಲ್ಲ." ಕಾರಣ ಏನು ಅಂದೆ. "ಭದ್ರತೆಯ ದೃಷ್ಟಿಯಿಂದ ಕಾರಣ ತಿಳಿಸಲು ಆಗುವುದಿಲ್ಲ." ಪರಿಶೀಲನೆ ಮಾಡುವವರ ಹತ್ತಿರ ಮಾತಾಡಿಸಿ ಅಂದೆ. "ಆ ತಂಡಕ್ಕೆ ಫೋನ್ ಇಲ್ಲ." ಫೋನ್ ಇಲ್ಲವಂತೆ! ಲೋಕದ ದುಡ್ಡೆಲ್ಲ ಓಡಾಡಿಸುವ ಕಂಪನಿಯಲ್ಲಿ ಒಂದು ಫೋನ್ ಇಲ್ಲ.

ಆಮೇಲೆ ದಾಖಲೆ ಕೇಳಿದರು. ಗುರುತಿನ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಕಾಗದ ಕೊಂಡ ಬಿಲ್, ಕೊರಿಯರ್ ಟ್ರ್ಯಾಕಿಂಗ್ ನಂಬರ್. ಎಲ್ಲ ಕಳಿಸಿದೆ. ಇದರಲ್ಲಿ ಅರ್ಧ ಅಕೌಂಟ್ ತೆರೆಯುವಾಗಲೇ ಕೊಟ್ಟಿದ್ದು. "ಚಿತ್ರ ಸ್ಪಷ್ಟವಾಗಿಲ್ಲ, ಮತ್ತೆ ಕಳಿಸಿ" ಅಂತ ಬಂತು. ಮತ್ತೆ ಕಳಿಸಿದೆ. ಈ ಸಲ ಬೇರೆ ಯಾರೋ ಉತ್ತರಿಸಿದರು. ಹಿಂದಿನ ಮಾತುಕತೆ ಓದಿರಲೇ ಇಲ್ಲ, ಮೊದಲಿನಿಂದ ಹೇಳಿ ಅಂದರು. ಪ್ರತಿ ಸಲ ಹೊಸಬರು, ಪ್ರತಿ ಸಲ ಮೊದಲಿನಿಂದ. ಎಲ್ಲರೂ ಧನ್ಯವಾದ ಹೇಳುವುದರಲ್ಲಿ ಮಾತ್ರ ಗಟ್ಟಿಗರು.

ಈ ಹೊತ್ತಿಗೆ ಬೈಂಡಿಂಗ್‌ನವರು ಫೋನ್ ಮಾಡಿದರು. ಬಹಳ ವರ್ಷದಿಂದ ಗೊತ್ತಿರುವವರು, ಯಾವತ್ತೂ ದುಡ್ಡಿಗೆ ಬಾಯಿ ಬಿಟ್ಟು ಕೇಳಿದವರಲ್ಲ. "ವ್ಯಾಪಾರ ಜೋರಾಗಿದೆ ಅಂತ ನೀವೇ ಹೇಳಿದ್ರಲ್ಲ" ಅಂದರು. ಏನು ಹೇಳಲಿ? ಮಾರಾಟ ಆಗಿದೆ, ದುಡ್ಡು ಬಂದಿಲ್ಲ ಅಂದರೆ ಯಾರು ನಂಬುತ್ತಾರೆ? ಡ್ಯಾಶ್‌ಬೋರ್ಡ್‌ನ ಸ್ಕ್ರೀನ್‌ಶಾಟ್ ಕಳಿಸಿದೆ. ಕಳಿಸಿದ ಮೇಲೆ ಇನ್ನೂ ನಾಚಿಕೆಯಾಯಿತು. ಅವರಿಗೆ ಅದರಲ್ಲಿ ಕಾಣುವುದು ಆ ಹಸಿರು ಮೊತ್ತ ಮಾತ್ರ ತಾನೇ. ಇಷ್ಟು ಇಟ್ಟುಕೊಂಡು ನಮಗೆ ಸಬೂಬು ಹೇಳುತ್ತಿದ್ದಾರೆ ಅಂದುಕೊಂಡಿರುತ್ತಾರೆ. ಕೊನೆಗೆ ಮನೆಯವರ ಹತ್ತಿರ ಕೈಚಾಚಿ ತೀರಿಸಿದೆ.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅದೇ ಕಂಪನಿಯಿಂದ, ಅದೇ ವಾರ, ಇನ್ನೊಂದು ಮೇಲ್ ಬಂತು. ಬಣ್ಣಬಣ್ಣದ ಮೇಲ್. "ಅಭಿನಂದನೆಗಳು! ನಿಮ್ಮ ಮಾರಾಟ ಭಾರಿ ಏರಿದೆ. ವ್ಯಾಪಾರ ಬೆಳೆಸಲು ಹಣ ಬೇಕೇ? ನಿಮಗೆ ಮುಂಗಡ ಮಂಜೂರಾಗಿದೆ." ಒಂದು ಸಲ ಓದಿದೆ, ಅರ್ಥವಾಗಲಿಲ್ಲ. ಇನ್ನೊಂದು ಸಲ ಓದಿದೆ. ನನ್ನ ದುಡ್ಡನ್ನು ಹಿಡಿದಿಟ್ಟುಕೊಂಡವರು ನನಗೇ ಸಾಲ ಕೊಡಲು ಬಂದಿದ್ದಾರೆ! ಅದಕ್ಕೊಂದು ಶುಲ್ಕ ಬೇರೆ. ಮುಂದಿನ ಪ್ರತಿ ಮಾರಾಟದಲ್ಲೂ ಇಷ್ಟು ಪರ್ಸೆಂಟ್ ಅಂತ ಮುರಿದುಕೊಂಡು ತೀರಿಸಿಕೊಳ್ಳುತ್ತಾರಂತೆ. ಒಂದು ಕೈಯಲ್ಲಿ, ಅವರು ಬಾಯಿ ಬಿಡದಿದ್ದರೂ ನನ್ನ ಊಹೆ ಇದೇ, "ಮಾರಾಟ ಇದ್ದಕ್ಕಿದ್ದಂತೆ ಏರಿದೆ, ಅನುಮಾನ" ಅಂತ ತಡೆಯುವುದು. ಇನ್ನೊಂದು ಕೈಯಲ್ಲಿ "ಮಾರಾಟ ಏರಿದೆ, ಶಭಾಷ್, ಸಾಲ ತಗೋ" ಅನ್ನುವುದು. ನನ್ನನ್ನು ಏನಂತ ತಿಳಿದಿದ್ದಾರೆ ಇವರು?

ಆ ಮೇಲನ್ನೇ ಚಾಟ್‌ನಲ್ಲಿ ಹಾಕಿ ಕೇಳಿದೆ. ನಾನು ಮುಂಗಡಕ್ಕೆ ಯೋಗ್ಯ, ಆದರೆ ನನ್ನ ಸ್ವಂತ ದುಡ್ಡಿಗೆ ಯೋಗ್ಯ ಅಲ್ಲ, ಅದು ಹೇಗೆ? ಬಂದ ಉತ್ತರ: "ಅವು ಎರಡು ಬೇರೆ ಬೇರೆ ತಂಡಗಳು. ನಿಮಗೆ ಬೇರೆ ಏನಾದರೂ ಸಹಾಯ ಬೇಕೇ?" ಬೇರೆ ಏನಾದರೂ ಅಂತೆ. ಇದೊಂದನ್ನೇ ಇವರು ಮಾಡಿಕೊಡಲಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಹಿಡಿದಿಡುವುದಕ್ಕೆ ಅವರಿಗೂ ಒಂದು ಕಾರಣ ಇದೆ. ಗ್ರಾಹಕರು "ಸರಕು ಬರಲಿಲ್ಲ" ಅಂತ ತಮ್ಮ ಬ್ಯಾಂಕಿಗೆ ದೂರು ಕೊಟ್ಟರೆ ದುಡ್ಡು ವಾಪಸ್ ಹೋಗುತ್ತದೆ, ಅದೇ ಚಾರ್ಜ್‌ಬ್ಯಾಕ್. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಬಹಳಷ್ಟು ದೂರುಗಳಿಗೆ 120 ದಿನದವರೆಗೂ ಅವಕಾಶ ಇದೆ. ಅಷ್ಟರಲ್ಲಿ ಅಂಗಡಿಯವನು ಬಾಗಿಲು ಹಾಕಿಕೊಂಡು ಹೋದರೆ ನಷ್ಟ ಪೇಮೆಂಟ್ ಕಂಪನಿಗೇ. ಸರಿ, ಒಪ್ಪಿದೆ. ಆದರೆ ಅದನ್ನು ಮೊದಲೇ ಹೇಳಿ. ಇಷ್ಟು ಮಾರಾಟ ದಾಟಿದರೆ ತಡೆಯುತ್ತೇವೆ ಅಂತ ಹೇಳಿ. ಷರತ್ತಿನಲ್ಲಿ ಇದ್ದದ್ದು "ನಮ್ಮ ವಿವೇಚನೆಗೆ ಬಿಟ್ಟಂತೆ ಯಾವಾಗ ಬೇಕಾದರೂ" ಅನ್ನುವ ಒಂದು ಸಾಲು. ಆ ಒಂದು ಸಾಲಿನಲ್ಲಿ ಏನು ಬೇಕಾದರೂ ತುಂಬಬಹುದು.

ಸೀಸನ್ ಎಲ್ಲ ಮುಗಿದ ಮೇಲೆ ಒಂದು ದಿನ ದುಡ್ಡು ಬಂತು. ಯಾಕೆ ತಡೆದರು, ಯಾಕೆ ಬಿಟ್ಟರು, ಒಂದು ಸಾಲಿನ ವಿವರಣೆ ಇಲ್ಲ. ಅದೂ ಪೂರ್ತಿ ಬರಲಿಲ್ಲ. "ನಿಮ್ಮ ಅಕೌಂಟಿಗೆ ರೋಲಿಂಗ್ ರಿಸರ್ವ್ ಅನ್ವಯಿಸಲಾಗಿದೆ." ಅಂದರೆ ಪ್ರತಿ ಮಾರಾಟದಲ್ಲಿ 10% ಅವರ ಹತ್ತಿರವೇ. 180 ದಿನ ಆದ ಮೇಲೆ ಒಂದೊಂದಾಗಿ ಬಿಡುತ್ತಾರೆ. ಈ ವ್ಯಾಪಾರದಲ್ಲಿ ಇದು ಹೊಸದೇನಲ್ಲ, 5ರಿಂದ 10%, ಮೂರರಿಂದ ಆರು ತಿಂಗಳು ಇಟ್ಟುಕೊಳ್ಳುವುದು ಮಾಮೂಲು. ಆದರೆ ನನ್ನ ಲಾಭವೇ ಹೆಚ್ಚು ಕಡಿಮೆ ಅಷ್ಟು. ಡೈರಿ ಮಾರಿ ಬಂದ ಲಾಭ ಆರು ತಿಂಗಳು ಅವರ ಪೆಟ್ಟಿಗೆಯಲ್ಲಿ, ಬಡ್ಡಿ ಕಾಸೂ ಇಲ್ಲ.

ಗಾಯದ ಮೇಲೆ ಬರೆ ಅನ್ನುವ ಹಾಗೆ ರಿಫಂಡ್‌ನದ್ದೂ ಒಂದು ಕಥೆ. ದುಡ್ಡು ತಡೆದಿದ್ದಾಗ ಒಂದಿಬ್ಬರು ಡೈರಿ ಬದಲಿಸಿ ಅಂದರು, ಸ್ಟಾಕ್ ಇರಲಿಲ್ಲ, ರಿಫಂಡ್ ಕೊಟ್ಟೆ. ಗ್ರಾಹಕರಿಗೆ ಪೂರ್ತಿ ಹೋಯಿತು. ನನ್ನಿಂದ ಮುರಿದುಕೊಂಡಿದ್ದ ಕಮಿಷನ್ ಮಾತ್ರ ವಾಪಸ್ ಬರಲಿಲ್ಲ. ಬಹಳಷ್ಟು ಕಂಪನಿಗಳದ್ದು ಇದೇ ಪದ್ಧತಿ.

ನನ್ನೊಬ್ಬನದೇ ಗೋಳು ಅಂದುಕೊಳ್ಳಬೇಡಿ. 2023ರಲ್ಲಿ ಎಟ್ಸಿ ಅನ್ನುವ, ಕೈಕೆಲಸದ ಸರಕು ಮಾರುವ ಆನ್‌ಲೈನ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾರುವ ಬ್ರಿಟನ್ನಿನ ಸಣ್ಣ ಕುಶಲಕರ್ಮಿಗಳು ಇದಕ್ಕೇ ದನಿ ಎತ್ತಿದ್ದರು. ಕೆಲವರ ಮಾರಾಟದ 75% ಹಣವನ್ನು 45 ದಿನದವರೆಗೆ ರಿಸರ್ವ್‌ನಲ್ಲಿ ಇಡಲಾಗಿತ್ತು. ಅದು ಪತ್ರಿಕೆಗಳಲ್ಲಿ ಬಂದು ಗಲಾಟೆಯಾದ ಮೇಲೆ ಕಂಪನಿ ನಿಯಮ ಸಡಿಲಿಸಿತು. ಹತ್ತು ಜನ ಒಟ್ಟಿಗೆ ಕೂಗಿದರೆ ಕೇಳಿಸುತ್ತದೆ. ಒಬ್ಬರೇ ಚಾಟ್‌ನಲ್ಲಿ ಬೇಡಿಕೊಂಡರೆ ಧನ್ಯವಾದ ಸಿಗುತ್ತದೆ.

ನಿಮಗೆ ಹೇಳುವುದು ಇಷ್ಟೇ. ಒಂದೇ ಪೇಮೆಂಟ್ ಕಂಪನಿ ನಂಬಿ ಕೂರಬೇಡಿ, ಎರಡನೆಯದನ್ನು ಸೀಸನ್‌ಗೆ ಮೊದಲೇ ತೆರೆದು ಒಂದಿಷ್ಟು ಆರ್ಡರ್ ಅದರಲ್ಲೂ ಓಡಿಸಿ. ಸೀಸನ್‌ನಲ್ಲಿ ಹೊಸದು ತೆರೆದರೆ ಅಲ್ಲೂ ಮೊದಲ ಪೇಔಟ್‌ಗೆ ಕಾಯಬೇಕು, ನಾನು ಕಾದಿದ್ದೇನೆ. ಮಾರಾಟ ಏರುವ ಮುಂಚೆ "ಇಂಥ ತಿಂಗಳು ಇಷ್ಟು ಪಟ್ಟು ಏರುತ್ತದೆ" ಅಂತ ಅವರಿಗೆ ಬರೆದು ಕಳಿಸಿ, ಓದದಿದ್ದರೂ ಪರವಾಗಿಲ್ಲ, ಆಮೇಲೆ ಮುಖಕ್ಕೆ ಹಿಡಿಯಬಹುದು. ಟ್ರ್ಯಾಕಿಂಗ್ ಇಲ್ಲದೆ ಒಂದು ಪೊಟ್ಟಣವನ್ನೂ ಕಳಿಸಬೇಡಿ. ಬ್ಯಾಂಕ್ ಅಕೌಂಟಿನ ಹೆಸರು ಮತ್ತು ಅಂಗಡಿ ನೋಂದಣಿಯ ಹೆಸರು ಅಕ್ಷರ ಬಿಡದೆ ಒಂದೇ ಇರಲಿ, ಇಲ್ಲದಿದ್ದರೆ ಅದೊಂದೇ ನೆಪ ಸಾಕು ಅವರಿಗೆ. ಅವರು ಕೊಡುವ ಮುಂಗಡ ಮಾತ್ರ ಮುಟ್ಟಬೇಡಿ. ಇನ್ನು, ಸಿಟ್ಟಿನಲ್ಲಿ ಗ್ರಾಹಕರಿಗೆ "ನಿಮ್ಮ ಬ್ಯಾಂಕಿಗೆ ಹೇಳಿ ದುಡ್ಡು ವಾಪಸ್ ತೆಗೆದುಕೊಳ್ಳಿ" ಅಂತ ಹೇಳಿಬಿಡಬೇಡಿ, ನನಗೂ ಹಾಗೆ ಮಾಡಬೇಕು ಅನ್ನಿಸಿತ್ತು. ಚಾರ್ಜ್‌ಬ್ಯಾಕ್ ಜಾಸ್ತಿಯಾಗಿ ಅಕೌಂಟ್ ಮುಚ್ಚಿಸಿದರೆ ಹೆಸರು ಮಾಸ್ಟರ್‌ಕಾರ್ಡ್‌ನವರ ಮ್ಯಾಚ್ (MATCH) ಪಟ್ಟಿಗೆ, ಅಂದರೆ ಹೀಗೆ ಅಕೌಂಟ್ ಮುಚ್ಚಿಸಿಕೊಂಡ ಅಂಗಡಿಗಳ ಪಟ್ಟಿಗೆ, ಸೇರಬಹುದು. ಅಲ್ಲಿ ಸೇರಿದರೆ 5 ವರ್ಷ ಇರುತ್ತದೆ, ಬೇರೆ ಕಂಪನಿಗಳೂ ನಿಮ್ಮನ್ನು ಹತ್ತಿರ ಸೇರಿಸುವುದಿಲ್ಲ.

ನಾನು ಈಗ ಅಂಗಡಿಯಿಂದ ಅವರ ಬಟನ್ ತೆಗೆದುಹಾಕಿದ್ದೇನೆ. ಅಕೌಂಟ್ ಮುಚ್ಚಿ ರಿಸರ್ವ್ ವಾಪಸ್ ಕೊಡಿ ಅಂದರೆ "ಮುಚ್ಚಿದರೂ ಅವಧಿ ಅಷ್ಟೇ" ಅಂದರು. ಆ ಮಾತು ಮುಗಿದು ಐದು ನಿಮಿಷಕ್ಕೆ, ಇಂದಿನ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಅಂತ ಮೇಲ್ ಬಂತು. ನಿಮ್ಮಲ್ಲಿ ಯಾರಿಗಾದರೂ ಅವಧಿಗೆ ಮೊದಲೇ ರಿಸರ್ವ್ ದುಡ್ಡು ಬಿಡಿಸಿಕೊಂಡ ಅನುಭವ ಇದ್ದರೆ, ಯಾರಿಗೆ ಬರೆದಿರಿ, ಏನು ಬರೆದಿರಿ ಅಂತ ದಯವಿಟ್ಟು ಹೇಳಿ.