ಗುಬ್ಬಚ್ಚಿ ಗೂಡಿನ ಪೆಟ್ಟಿಗೆ: ಒಂದು ವರ್ಷ ನೇತುಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡು ಸ್ಟಾರ್. ಒಂದು ಸ್ಟಾರ್ ಪ್ಯಾಕಿಂಗ್ ಚೆನ್ನಾಗಿತ್ತು ಅಂತ. ಇನ್ನೊಂದು ಯಾಕೆ ಅನ್ನುವುದು ಕೊನೆಯಲ್ಲಿ ಬರುತ್ತದೆ.

ತರಿಸಿದ್ದು ಹೋದ ವರ್ಷ ಮಾರ್ಚ್‌ನಲ್ಲಿ. ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ, 2010ರಿಂದ ಆಚರಿಸುತ್ತಿದ್ದಾರೆ. ಆ ವಾರ ಬಂತು ಅಂದರೆ ಫೋನ್ ತುಂಬಾ ಗುಬ್ಬಚ್ಚಿ ಫೋಟೋ, ಮಧ್ಯೆ ಮಧ್ಯೆ ಗೂಡಿನ ಪೆಟ್ಟಿಗೆಯ ಜಾಹೀರಾತು. ಎರಡರ ಸೆಟ್‌ಗೆ 749 ರೂಪಾಯಿ. ಜಾಸ್ತಿ ಆಯ್ತು ಅನ್ನಿಸಿದರೂ ಮಗಳು ಬಿಡಲಿಲ್ಲ. ನಾವಿರುವುದು ತುಮಕೂರಿನಲ್ಲಿ. ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಹೋದರೆ ಗುಬ್ಬಿ ಅಂತಲೇ ಒಂದು ತಾಲ್ಲೂಕು ಇದೆ, ಅಂಥದ್ದರಲ್ಲಿ ಗುಬ್ಬಿಗೂಡನ್ನು ಕೊರಿಯರ್‌ನಲ್ಲಿ ತರಿಸಿಕೊಂಡವರು ನೀವೊಬ್ಬರೇ ಭಾವ ಅಂತ ನನ್ನ ಭಾವಮೈದ ಇವತ್ತಿಗೂ ಆಡಿಕೊಳ್ಳುತ್ತಾನೆ.

ಗೂಡನ್ನು ದುಡ್ಡು ಕೊಟ್ಟು ತರೋದು ಅಂದರೆ ಏನು ಅಂತ ಅಮ್ಮನಿಗೆ ಅರ್ಥವೇ ಆಗಲಿಲ್ಲ. ಚಿಕ್ಕಪೇಟೆಯಲ್ಲಿ ನಮ್ಮ ಅಜ್ಜಿಯ ಮನೆ ಹೆಂಚಿನದು. ಸೂರಿನ ಸಂದಿಯಲ್ಲಿ, ಜಂತೆ ಮೇಲೆ, ದೇವರ ಫೋಟೋ ಹಿಂದೆ, ಮೀಟರ್ ಬೋರ್ಡ್ ಮೇಲೆ, ಎಲ್ಲಿ ನೋಡಿದರೂ ಹುಲ್ಲುಕಡ್ಡಿ. ಊಟಕ್ಕೆ ಕೂತರೆ ತಟ್ಟೆಗೇ ಬೀಳುತ್ತಿತ್ತು. ಅಜ್ಜಿ ಬೈದುಕೊಂಡೇ ಗುಡಿಸುತ್ತಿದ್ದರು, ಗೂಡನ್ನು ಮಾತ್ರ ಕೀಳುತ್ತಿರಲಿಲ್ಲ. ಮಧ್ಯಾಹ್ನ ಮೊರ ಹಿಡಿದು ಅಕ್ಕಿ ಕೇರಲು ಕೂತರೆ ಬಿದ್ದ ನುಚ್ಚಿಗೆ ಹತ್ತು ಹದಿನೈದು ಗುಬ್ಬಚ್ಚಿ ಹಾಜರ್. ಈಗ ಅಕ್ಕಿ ಕ್ಲೀನ್ ಆಗಿ ಪ್ಯಾಕೆಟ್‌ನಲ್ಲಿ ಬರುತ್ತದೆ, ಮನೆ ಆರ್‌ಸಿಸಿ, ಕಿಟಕಿಗೆ ಸೊಳ್ಳೆ ಮೆಶ್, ಗೋಡೆಯಲ್ಲಿ ಕೂದಲೆಳೆ ಬಿರುಕು ಕಂಡರೂ ಪುಟ್ಟಿ ಹಚ್ಚುತ್ತೇವೆ. ಗುಬ್ಬಚ್ಚಿ ಕಾಗೆಯ ಹಾಗೆ ಮರ ಹತ್ತಿ ಗೂಡು ಕಟ್ಟುವುದು ಅಪರೂಪ. ಅದಕ್ಕೆ ಬೇಕಿರುವುದು ಸಂದಿ, ತೂತು. ಅದನ್ನೇ ನಾವು ಮುಚ್ಚಿದ್ದು. ಹಾಗಾಗಿ ಪೆಟ್ಟಿಗೆ ಇಡುವ ಯೋಚನೆ ಸರಿಯಾಗಿಯೇ ಇದೆ. ನನ್ನ ತಕರಾರು ಈ ಪೆಟ್ಟಿಗೆಯ ಮೇಲೆ.

ನೋಡಲು ಬಲು ಚಂದ. ಪ್ಲೈವುಡ್ ಮೈ, ಕೆಂಪು ಬಣ್ಣದ ಪುಟ್ಟ ಚಾವಣಿ, ಮುಂದೆ ಹೂವಿನ ಚಿತ್ರ, ತೂತಿನ ಕೆಳಗೆ ಕೂರಲು ಒಂದು ಕಡ್ಡಿ. ವಾರ್ನಿಷ್ ವಾಸನೆ ಎಷ್ಟಿತ್ತೆಂದರೆ ಎರಡು ವಾರ ಟೆರೇಸ್ ಮೇಲೆ ಗಾಳಿಗೆ ಇಡಬೇಕಾಯಿತು. ಆ ಕಡ್ಡಿ ಸುಮ್ನೆ ಶೋಕಿಗೆ. ಗುಬ್ಬಚ್ಚಿ ತೂತಿನ ಅಂಚಿಗೇ ಉಗುರು ಸಿಕ್ಕಿಸಿ ಒಳಗೆ ನುಗ್ಗುತ್ತದೆ, ಕಡ್ಡಿ ಇದ್ದರೆ ಅನುಕೂಲ ಆಗುವುದು ಮರಿ ಕದಿಯಲು ಬರುವ ಕಾಗೆಗೆ. ಮೊದಲ ದಿನವೇ ಮುರಿದುಹಾಕಿದೆ. ಚಾವಣಿಗೆ ಮೊಳೆ ಹೊಡೆದು ಪೂರ್ತಿ ಮುಚ್ಚಿದ್ದಾರೆ, ತೆಗೆಯಲು ಬರುವುದಿಲ್ಲ. ಮರಿ ಹಾರಿಹೋದ ಮೇಲೆ ಒಳಗಿನ ಹಳೇ ಹುಲ್ಲು, ಹಿಕ್ಕೆ, ಹೇನು ಇದನ್ನೆಲ್ಲ ತೆಗೆಯುವುದು ಹೇಗೆ? ಫೋನ್ ಮಾಡಿ ಕೇಳಿದರೆ "ಸಾರ್, ಇದು ಮೇಂಟೆನೆನ್ಸ್ ಫ್ರೀ" ಅಂದರು. ಯಾರಿಗೆ ಫ್ರೀ ಅಂತ ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ತಳದಲ್ಲಿ ನೀರು ಇಳಿಯಲು ತೂತಿಲ್ಲ, ಆಷಾಢದ ಗಾಳಿಮಳೆ ಬಂದರೆ ಒಳಗೆ ಕೆರೆಯೇ.

ಇದೆಲ್ಲ ಹಾಳಾಗಲಿ, ದೊಡ್ಡ ತಪ್ಪು ಬಾಗಿಲಿನದು. ಟೇಪ್ ಹಿಡಿದು ಅಳೆದೆ, 50 ಮಿಲಿಮೀಟರ್. ಎರಡು ಇಂಚು! ಗುಬ್ಬಚ್ಚಿ ಇಪ್ಪತ್ತೈದು ಮೂವತ್ತು ಗ್ರಾಂ ತೂಗುವ ಹಕ್ಕಿ, ಅದಕ್ಕೆ 32 ಮಿಲಿಮೀಟರ್ ಸಾಕು. ಅಂದರೆ ಒಂದೂಕಾಲು ಇಂಚು. ದೊಡ್ಡ ತೂತಿದ್ದರೆ ಗುಬ್ಬಚ್ಚಿ ಬರುವುದಿಲ್ಲ ಅಂತಲ್ಲ. ಬರುತ್ತದೆ. ಅದರ ಹಿಂದೆಯೇ ಅದಕ್ಕಿಂತ ದೊಡ್ಡವರೂ ಬರುತ್ತಾರೆ. ನಮ್ಮಲ್ಲಿ ಏಪ್ರಿಲ್ ಮೊದಲ ವಾರ ಒಂದು ಗಂಡು ಗುಬ್ಬಚ್ಚಿ ಬಂದು ಎರಡು ದಿನ ಪೆಟ್ಟಿಗೆ ಮೇಲೆ ಕೂತು ಕೂಗಿತು, ನಾಲ್ಕು ಕಡ್ಡಿಯನ್ನೂ ತಂದಿತು. ಮೂರನೇ ದಿನ ಗೊರವಂಕದ ಜೋಡಿ ಬಂತು. ಜಗಳವೂ ಆಗಲಿಲ್ಲ. ಒಂದು ಗೊರವಂಕ ಒಳಗೆ ತಲೆ ಹಾಕಿ ಆ ನಾಲ್ಕು ಕಡ್ಡಿಯನ್ನು ಒಂದೊಂದಾಗಿ ಎಳೆದು ಕೆಳಗೆ ಹಾಕಿತು, ಬಾಡಿಗೆದಾರನ ಸಾಮಾನು ಬೀದಿಗೆ ಎಸೆದ ಹಾಗೆ. ಗುಬ್ಬಚ್ಚಿ ಆಮೇಲೆ ಆ ಕಡೆ ಸುಳಿಯಲಿಲ್ಲ.

ಹಿಂದಿನ ಬೀದಿಯಲ್ಲಿ ಬಾಗಿಲು ಕಿಟಕಿ ಮಾಡುವ ಆಚಾರ್ ಒಬ್ಬರಿದ್ದಾರೆ. ಅವರ ಹತ್ತಿರ ಹೋಗಿ ಅಳತೆ ಹೇಳಿದೆ. "ಒಂದೂಕಾಲು ಇಂಚಾ? ಇದೇನ್ ಸಾರ್, ಬೀಗದ ತೂತು ಕೊರೆದ ಹಾಗಾಗುತ್ತೆ" ಅಂತ ನಕ್ಕರು, ಬೀಗಕ್ಕೆ ಕೊರೆಯುವ ಬಿಟ್‌ನಲ್ಲೇ ಕೊರೆದೂ ಕೊಟ್ಟರು. ಹಳೇ ಕಿಟಕಿಯ ಹಲಗೆ, ತಳ ಆರು ಇಂಚಿಗೆ ಆರು ಇಂಚು, ಎತ್ತರ ಒಂಬತ್ತು. ಮುಚ್ಚಳಕ್ಕೆ ಸಣ್ಣ ಕೀಲು, ತಳದಲ್ಲಿ ನಾಲ್ಕು ತೂತು, ಬಣ್ಣ ಇಲ್ಲ, ವಾರ್ನಿಷ್ ಇಲ್ಲ. ಒಂದಕ್ಕೆ 200 ರೂಪಾಯಿ. ಮೂರು ಮಾಡಿಸಿದೆ, ಗುಬ್ಬಚ್ಚಿಗೆ ಅಕ್ಕಪಕ್ಕ ನೆಂಟರಿದ್ದರೆ ಧೈರ್ಯ. ನೋಡಲು ಚಂದ ಏನಿಲ್ಲ, ಹಳೇ ಕಾಲದ ಪೋಸ್ಟ್ ಡಬ್ಬ ಇದ್ದ ಹಾಗಿದೆ. ಇವರಿಗೆ ಬೇಕಿದ್ದರೆ ಐದಕ್ಕೆ ಐದು ಕೊಡುತ್ತೇನೆ, ಆದರೆ ಅವರಿಗೆ ಆನ್‌ಲೈನ್ ಅಂಗಡಿ ಇಲ್ಲ.

ಹನ್ನೊಂದನೇ ದಿನ ಗಂಡು ಬಂತು. ಗದ್ದದ ಕೆಳಗೆ ಎದೆವರೆಗೂ ಮಸಿ ಬಳಿದ ಹಾಗೆ ಕಪ್ಪು. ಜಾಗ ಹಿಡಿಯುವುದು ಗಂಡಿನ ಕೆಲಸ, ಒಪ್ಪುವುದು ಬಿಡುವುದು ಹೆಣ್ಣಿಗೆ ಬಿಟ್ಟಿದ್ದು. ಬೆಳಗಿನಿಂದ ಸಂಜೆವರೆಗೆ ಬಾಗಿಲಲ್ಲೇ ಕೂತು ಚಿಂವ್ ಚಿಂವ್. ಹೆಣ್ಣು ಬಂದು ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋಗಿ, ಥೇಟ್ ಮನೆ ನೋಡಲು ಬಂದವರ ಹಾಗೆ. ಆಮೇಲೆ ಶುರುವಾಯಿತು ಸಾಗಾಟ. ನಮ್ಮದು ತೆಂಗಿನ ಸೀಮೆ ಅಲ್ವಾ, ಪಕ್ಕದ ಮನೆಯವರು ಕಾಯಿ ಸುಲಿದು ಮಟ್ಟೆಯನ್ನು ಕಾಂಪೌಂಡ್ ಪಕ್ಕ ಹಾಕಿರುತ್ತಾರೆ. ಗಂಡು ಅಲ್ಲಿಂದ ತನ್ನ ಮೈಗಿಂತ ಉದ್ದದ ನಾರೊಂದನ್ನು ಎಳೆದುಕೊಂಡು ಬಂತು. ನಾರಿನ ನಡು ಕಚ್ಚಿಕೊಂಡಿದ್ದರಿಂದ ತೂತಿಗೆ ಅಡ್ಡ ಸಿಕ್ಕಿಕೊಂಡಿತು. ಮೂರು ಸಲ ಪ್ರಯತ್ನಪಟ್ಟಿತು, ಮೂರು ಸಲವೂ ಬಾಗಿಲಿಗೆ ಡಿಕ್ಕಿ. ಕೊನೆಗೆ ಸಜ್ಜಾ ಮೇಲೆ ಇಟ್ಟು, ತಲೆ ಓರೆ ಮಾಡಿ ನೋಡಿ, ತುದಿ ಕಚ್ಚಿ ಸೀದಾ ಒಳಗೆ ಎಳೆದುಕೊಂಡಿತು. ಮಗಳು ಚಪ್ಪಾಳೆ ತಟ್ಟಿದ್ದಕ್ಕೆ ಅದು ಹೊರಗೆ ಮುಖ ಹಾಕಿ ನಮ್ಮನ್ನೇ ಗುರಾಯಿಸಿತು. ಎರಡು ದಿನ ಆದಮೇಲೆ ಅಮ್ಮನ ಮಾಪ್‌ನಿಂದ ದಾರ ಮಾಯ, ಬೀದಿ ಕೊನೆಯ ಕೋಳಿ ಅಂಗಡಿಯಿಂದ ಬಿಳಿ ಪುಕ್ಕ ಹಾಜರ್.

ಸಾಮಾನ್ಯವಾಗಿ ಮೂರರಿಂದ ಐದು ಮೊಟ್ಟೆ, ಎರಡು ವಾರದ ಒಳಗೆ ಮರಿ, ಮತ್ತೆ ಸುಮಾರು ಎರಡು ವಾರಕ್ಕೆ ಹಾರುತ್ತವೆ. ಮುಚ್ಚಳ ಇದೆ ಅಂತ ತೆಗೆದು ಇಣುಕಬೇಡಿ, ಅದು ಗೂಡು ಖಾಲಿಯಾದ ಮೇಲೆ ಕ್ಲೀನ್ ಮಾಡಲು ಮಾತ್ರ. ಒಳಗೆ ಮರಿ ಬಂದಿದ್ದು ನಮಗೆ ಗೊತ್ತಾಗಿದ್ದು ಸದ್ದಿನಿಂದಲೇ. ಒಂದು ಭಾನುವಾರ ಮಗಳು ಗಡಿಯಾರ ಇಟ್ಟುಕೊಂಡು ಎಣಿಸಿದಳು, ಒಂದು ಗಂಟೆಯಲ್ಲಿ ಗಂಡ ಹೆಂಡತಿ ಸೇರಿ ಹತ್ತೊಂಬತ್ತು ಟ್ರಿಪ್.

ಅವು ತರುತ್ತಿದ್ದುದು ಕಾಳಲ್ಲ, ಹುಳ. ಪೆಟ್ಟಿಗೆ ಮಾರುವವರು ಯಾರೂ ಹೇಳದ ವಿಷಯ ಇದು. ಪೆಟ್ಟಿಗೆ ಜೊತೆ ಅರ್ಧ ಕೆಜಿ ನವಣೆ ಫ್ರೀ ಕೊಟ್ಟಿದ್ದರು, ದೊಡ್ಡ ಗುಬ್ಬಚ್ಚಿಗಳು ಅದನ್ನು ಚೆನ್ನಾಗಿಯೇ ತಿಂದವು. ಆದರೆ ಹುಟ್ಟಿದ ಮರಿಗೆ ಮೊದಲ ದಿನಗಳಲ್ಲಿ ಬೇಕಿರುವುದು ಮೆತ್ತನೆಯ ಹುಳ ಹುಪ್ಪಟೆ. ಅದು ಅಂಗಡಿಯಲ್ಲಿ ಸಿಗುವುದಿಲ್ಲ. ನಮಗೆ ಸಿಕ್ಕಿದ್ದು ಟೆರೇಸ್ ಮೇಲಿನ ಬೆಂಡೆ, ಹೀರೆ ಬಳ್ಳಿಯಿಂದ, ಅದಕ್ಕಿಂತ ಜಾಸ್ತಿ ಪಕ್ಕದ ಖಾಲಿ ಸೈಟಿನಿಂದ. ನಮ್ಮ ಬೀದಿಯವರೆಲ್ಲ ಬೈಯುವ ಸೈಟು ಅದು. ಹುಲ್ಲು, ಕಾಂಗ್ರೆಸ್ ಗಿಡ, ಎಕ್ಕ, ಯಾರೋ ಎಸೆದ ಕಟ್ಟಡದ ಮಣ್ಣು. ಗುಬ್ಬಚ್ಚಿಗೆ ಅದೇ ಕಿರಾಣಿ ಅಂಗಡಿ, ಅದೇ ಬಚ್ಚಲುಮನೆ, ಆ ಮಣ್ಣಿನಲ್ಲೇ ಹೊರಳಿ ದೂಳು ಸ್ನಾನ. ಮೊದಲನೇ ಸಲ ಮೂರು ಮರಿ ಹಾರಿದವು. ಎರಡನೇ ಸಲ ಮರಿ ಬಂದ ವಾರವೇ ಸೈಟಿನವರು ಜೆಸಿಬಿ ತಂದು ಒಂದು ಹುಲ್ಲೂ ಬಿಡದೆ ಕೆರೆದುಹಾಕಿದರು, ಅವರ ಜಾಗ, ಅವರ ಇಷ್ಟ, ಬೀದಿಯವರೂ ಖುಷಿಪಟ್ಟರು. ಗುಬ್ಬಚ್ಚಿಗಳ ಟ್ರಿಪ್ ಗಂಟೆಗೆ ಏಳೆಂಟಕ್ಕೆ ಇಳಿಯಿತು. ಆ ಸಲ ಹಾರಿದ್ದು ಒಂದೇ ಮರಿ. ಇಷ್ಟರಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೂ ನನಗಂತೂ ಹೊಟ್ಟೆ ಉರಿಯಿತು.

ಟವರ್ ಬಂದಿದ್ದಕ್ಕೇ ಗುಬ್ಬಚ್ಚಿ ಹೋಗಿದ್ದು ಅನ್ನುವವರು ನಮ್ಮ ಮನೆಗೂ ಬಂದಿದ್ದರು. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ದೇಶದ ಹಕ್ಕಿಗಳ ಬಗ್ಗೆ 2020ರಲ್ಲಿ ಬಂದ ವರದಿಯ ಪ್ರಕಾರ ಗುಬ್ಬಚ್ಚಿ ಒಟ್ಟಾರೆ ದೇಶದಲ್ಲಿ ಹೆಚ್ಚುಕಡಿಮೆ ಇದ್ದ ಹಾಗೇ ಇದೆ, ಕಮ್ಮಿಯಾಗಿರುವುದು ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ. ನಂಬಿಕೆ ಬಾರದಿದ್ದರೆ ನಮ್ಮ ಮಂಡಿಪೇಟೆಯಲ್ಲಿ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ ನೋಡಿ. ಮೂಟೆಯಿಂದ ಉದುರಿದ ಕಾಳು, ಹಳೇ ಶಟರ್‌ನ ಸಂದಿ, ಗುಬ್ಬಚ್ಚಿಗೆ ಅಲ್ಲಿ ಯಾವ ಪೆಟ್ಟಿಗೆಯೂ ಬೇಡ. ಕಷ್ಟ ಇರುವುದು ನಮ್ಮಂಥ ಹೊಸ ಬಡಾವಣೆಗಳಲ್ಲಿ.

ತಗೊಳ್ಳುವವರಿಗೆ ಇಷ್ಟು ಹೇಳುತ್ತೇನೆ. ತೂತು ಅಳೆಯಿರಿ, ಎರಡು ಇಂಚಿದ್ದರೆ ವಾಪಸ್ ಕಳಿಸಿ. ಹತ್ತು ಅಡಿ ಎತ್ತರ, ಸಜ್ಜಾ ಕೆಳಗೆ, ಮಧ್ಯಾಹ್ನದ ಬಿಸಿಲು ಬೀಳದ ಕಡೆ, ಬೆಕ್ಕು ಹಾರಲು ಪೈಪು ಗೋಡೆ ಹತ್ತಿರ ಇರಬಾರದು. ದಾರದಲ್ಲಿ ನೇತುಹಾಕಿದರೆ ಗಾಳಿಗೆ ತೂಗಾಡುತ್ತದೆ, ಗೋಡೆಗೆ ಸ್ಕ್ರೂ ಹಾಕಿ ಬಿಗಿ ಮಾಡಿ. ಮನೆ ಒಳಗೆ ಇಡಲೇಬೇಡಿ, ಫ್ಯಾನ್ ಇರುತ್ತದೆ. ಒಂದು ತಿಂಗಳು ಯಾರೂ ಬರಲಿಲ್ಲ ಅಂತ ಜಾಗ ಬದಲಾಯಿಸುತ್ತಾ ಇರಬೇಡಿ, ಕೆಲವು ಕಡೆ ವರ್ಷವೇ ಹಿಡಿಯುತ್ತದೆ.

ಇನ್ನು ಆ ಎರಡನೇ ಸ್ಟಾರ್. ಗೊರವಂಕಗಳು ಹೋದ ಮೇಲೆ ಕೆಂಪು ಚಾವಣಿಯ ಪೆಟ್ಟಿಗೆ ಮಳೆಗಾಲ ಪೂರ್ತಿ ಖಾಲಿ ಇತ್ತು. ಬಿಚ್ಚಿ ಗುಜರಿಗೆ ಹಾಕೋಣ ಅಂತ ಏಣಿ ಹತ್ತಿದರೆ ತೂತಿನಿಂದ ಹತ್ತಿ ಹೊರಗೆ ಇಣುಕುತ್ತಿದೆ, ನಮ್ಮದೇ ಹಳೇ ದಿಂಬಿನ ಹತ್ತಿ. ಅದರ ಹಿಂದೆ ಒಂದು ಅಳಿಲು. ಬಾಲ ಎತ್ತಿ ನನಗೇ ಬೈಯಿತು. ಏಣಿ ಇಳಿದುಬಂದೆ. ಈಗ ಒಳಗೆ ಮರಿಗಳಿವೆ, ಎಷ್ಟು ಅಂತ ಗೊತ್ತಿಲ್ಲ, ಮುಚ್ಚಳ ತೆಗೆಯಲು ಬರುವುದಿಲ್ಲವಲ್ಲ.