ತೆಂಗಿನ ಮರ ಹತ್ತುವ ಯಂತ್ರ: ಏಳು ವರ್ಷ ಬಳಸಿದ ಮೇಲೆ

ನಮ್ಮದು ಉಡುಪಿ ಜಿಲ್ಲೆಯ ಸಣ್ಣ ತೋಟ. ಫಸಲು ಕೊಡುವ ತೆಂಗು 58. ಕಾಯಿ ಕೀಳಲು ಬರುತ್ತಿದ್ದ ಅಣ್ಣನಿಗೆ ಗಂಟುನೋವು ಶುರುವಾಗಿ ಮರ ಹತ್ತುವುದನ್ನೇ ಬಿಟ್ಟರು. ಬೇರೆ ಯಾರೂ ಸಿಗಲಿಲ್ಲ. ಬಿದ್ದ ಕಾಯಿ ಹೆಕ್ಕಿಕೊಂಡೇ ಎರಡು ವರ್ಷ ಕಳೆದೆವು. ಒಂದು ದಿನ ಅಮ್ಮ ಬಟ್ಟೆ ಒಣಹಾಕುತ್ತಿದ್ದ ಜಾಗದಿಂದ ಎರಡೇ ಹೆಜ್ಜೆ ಆಚೆ ಧೊಪ್ಪನೆ ಕಾಯಿ ಬಿತ್ತು. ಅದೇ ವಾರ ಹೋಗಿ ಯಂತ್ರ ತಂದೆ. 2018ರ ನವೆಂಬರ್, ಬೆಲೆ 2,900 ರೂಪಾಯಿ.

ನನ್ನದು ನಿಂತು ಹತ್ತುವ ಮಾದರಿ. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಕೃಷಿಕ ಜೋಸೆಫ್ ಅವರು ರೂಪಿಸಿದ್ದು. ಈಗ ಅದನ್ನೇ ನೋಡಿಕೊಂಡು ಬೇರೆ ಬೇರೆ ವರ್ಕ್‌ಶಾಪ್‌ಗಳು ಮಾಡುತ್ತವೆ. ಎಂಜಿನ್ ಇಲ್ಲ, ಕರೆಂಟ್ ಬೇಡ. ಎಡಗಾಲಿಗೊಂದು, ಬಲಗಾಲಿಗೊಂದು ಕಬ್ಬಿಣದ ಚೌಕಟ್ಟು. ಪ್ರತಿ ಚೌಕಟ್ಟಿಗೂ ಒಂದು ಹಿಡಿ, ಒಂದು ಮೆಟ್ಟು, ಮರವನ್ನು ಸುತ್ತುವ ಒಂದು ತಂತಿಹಗ್ಗ. ಮೆಟ್ಟಿನ ಮೇಲೆ ಭಾರ ಬಿಟ್ಟರೆ ಹಗ್ಗ ಬಿಗಿದು ಮರಕ್ಕೆ ಕಚ್ಚಿಕೊಳ್ಳುತ್ತದೆ. ಭಾರ ತೆಗೆದು ಹಿಡಿಯನ್ನು ಎತ್ತಿದರೆ ಸಡಿಲವಾಗಿ ಮೇಲೆ ಬರುತ್ತದೆ. ಒಂದು ಕಾಲು ನಿಂತಿರುವಾಗ ಇನ್ನೊಂದು ನಡೆಯುತ್ತದೆ, ಅಷ್ಟೇ. ಇದನ್ನು ಯೋಚಿಸಿದವರ ತಲೆಗೆ ಕೈ ಮುಗಿಯಬೇಕು.

ಯಂತ್ರ ಕೊಡುವಾಗ ಯಾರೂ ಹೇಳದ ಒಂದು ವಿಷಯ ಇದೆ. ತೆಂಗಿನ ಮರ ಮೇಲೆ ಹೋದಂತೆ ಸಪೂರ ಆಗುತ್ತದೆ, ಅಲ್ವಾ? ಹಗ್ಗದ ಉದ್ದ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಬುಡದಲ್ಲಿ ಮೆಟ್ಟು ಸಮವಾಗಿದ್ದರೆ ಮೇಲೆ ಹೋಗುವಷ್ಟರಲ್ಲಿ ಅದು ಕೆಳಕ್ಕೆ ವಾಲುತ್ತದೆ, ಪಾದ ಜಾರತೊಡಗುತ್ತದೆ. ಬುಡದಲ್ಲೇ ಹಗ್ಗವನ್ನು ಸ್ವಲ್ಪ ಗಿಡ್ಡ ಮಾಡಿ, ಮೆಟ್ಟಿನ ತುದಿ ಮೇಲ್ಮುಖವಾಗಿ ನಿಲ್ಲುವಂತೆ ಕಟ್ಟಬೇಕು. ಮೊದಲ ಆರೇಳು ಅಡಿ ವಿಚಿತ್ರ ಅನಿಸುತ್ತದೆ. ಗೊನೆಯ ಹತ್ತಿರ ಬಂದಾಗ ಮೆಟ್ಟು ಸರಿಯಾಗಿ ಸಮಕ್ಕೆ ಬಂದಿರುತ್ತದೆ.

ಈಗ ಆ ಜೂನ್ ತಿಂಗಳ ಮಾತು ಹೇಳಬೇಕು. 2019. ಎರಡು ದಿನ ಮಳೆ ಹೊಯ್ದು ಬಿಸಿಲು ಬಂದಿತ್ತು. ಮರ ಒಣಗಿದ ಹಾಗೆ ಕಂಡಿತು. ಮನೆಯ ಹಿಂದಿನ ಮರದ ಉತ್ತರದ ಮೈಯಲ್ಲಿ ಪಾಚಿ ಇನ್ನೂ ಹಸಿಯಾಗಿಯೇ ಇತ್ತು. ಸುಮಾರು 20 ಅಡಿ ಮೇಲೆ ಬಲಗಾಲಿನ ಚೌಕಟ್ಟು ಕಚ್ಚಲೇ ಇಲ್ಲ. ಒಂದೂವರೆ ಅಡಿ ಸರ್ರನೆ ಇಳಿದು ನಿಂತಿತು. ಆಗ ನನ್ನ ಮೈಮೇಲೆ ಬೆಲ್ಟ್ ಇರಲಿಲ್ಲ, ಯಂತ್ರದ ಜೊತೆ ಬಂದೂ ಇರಲಿಲ್ಲ. ಎರಡು ಕೈಯಲ್ಲಿ ಮರ ತಬ್ಬಿಕೊಂಡು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಎದೆಯ ಚರ್ಮ ಕಿತ್ತುಹೋಗಿತ್ತು. ಕೆಳಗೆ ಅಮ್ಮ ಒಂದೂ ಮಾತಾಡದೆ ಮೇಲೆ ನೋಡುತ್ತಾ ನಿಂತಿದ್ದರು.

ಅಂದಿನಿಂದ ಬೆಲ್ಟ್ ಇಲ್ಲದೆ ಒಂದಡಿಯೂ ಹತ್ತಿಲ್ಲ. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿ ಬೇಡ. ಬಿದ್ದಾಗ ಇಡೀ ಭಾರ ಬೆನ್ನುಮೂಳೆಗೆ, ಪಕ್ಕೆಲುಬಿಗೆ ಬೀಳುತ್ತದೆ. ತೊಡೆ, ಎದೆ, ಹೆಗಲು ಮೂರನ್ನೂ ಹಿಡಿಯುವ ಹಾರ್ನೆಸ್ ತಗೊಳ್ಳಿ, ಅದರ ಮೇಲೆ ಐಎಸ್ 3521 ಎಂಬ ಭಾರತೀಯ ಗುಣಮಟ್ಟದ ಗುರುತು ಇದೆಯಾ ನೋಡಿ. ಮರಕ್ಕೆ ಹಾಕುವ ಹಗ್ಗ ಸುಮ್ನೆ ಬಳೆಯ ಹಾಗೆ ಸುತ್ತಿದ್ದರೆ ಸಾಲದು. ನಾವು ಜಾರಿದರೆ ಅದೂ ನಮ್ಮ ಜೊತೆಗೇ ಜಾರುತ್ತದೆ. ಎಳೆದಷ್ಟೂ ಬಿಗಿಯುವ ಉರುಳು ಆಗಿರಬೇಕು. ನಾನು ಎರಡು ಹಗ್ಗ ಇಟ್ಟುಕೊಂಡಿದ್ದೇನೆ. ಒಣಗಿದ ಮಡಲು ಅಡ್ಡ ಬಂದರೆ ಮೇಲೊಂದು ಹಾಕಿದ ಮೇಲೆಯೇ ಕೆಳಗಿನದನ್ನು ಬಿಚ್ಚುವುದು. ಮರಕ್ಕೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಹಾಳಾದದ್ದು ಏನೇನು? ಹಿಡಿಯ ರಬ್ಬರ್ ಎರಡು ಸಲ ಬದಲಿಸಿದೆ. ಒಂದು ಬೆಸುಗೆ ಬಿಟ್ಟಿತ್ತು, ಪಕ್ಕದ ಗ್ಯಾರೇಜಿನಲ್ಲಿ ಸರಿ ಮಾಡಿಸಿದೆ. ಇವು ಕಣ್ಣಿಗೆ ಕಾಣುತ್ತವೆ. ಕಾಣದೆ ಹಾಳಾಗುವುದು ತಂತಿಹಗ್ಗ. ಮರಕ್ಕೆ ತಾಗುವ ಕಡೆ ಅದಕ್ಕೆ ರಬ್ಬರ್ ಕೊಳವೆ ಹಾಕಿರುತ್ತಾರೆ. ನಾಲ್ಕನೇ ವರ್ಷ ಕೊಳವೆಯ ತುದಿಯಲ್ಲಿ ಕಂದು ಬಣ್ಣದ ನೀರು ಒಸರಿದ ಕಲೆ ಕಂಡು ಬ್ಲೇಡಿನಿಂದ ಸೀಳಿ ನೋಡಿದೆ. ಕ್ಲ್ಯಾಂಪಿನ ಪಕ್ಕದಲ್ಲಿ ಹಗ್ಗ ಬಾಗುವ ಜಾಗ. ಅಲ್ಲಿ ಐದು ಎಳೆ ಕಡಿದು, ಪೊರಕೆ ಕಡ್ಡಿಯ ಹಾಗೆ ಹೊರಗೆ ಚಾಚಿಕೊಂಡಿದ್ದವು. ಉಗುರಿನಿಂದ ಕೆರೆದರೆ ತುಕ್ಕು ಪುಡಿಪುಡಿಯಾಗಿ ಉದುರಿತು. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇತ್ತು! ನಮ್ಮ ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣ ಬೇಗ ಸೋಲುತ್ತದೆ. ಅಂದಿನಿಂದ ಎರಡು ವರ್ಷಕ್ಕೊಮ್ಮೆ ತಂತಿ ಬದಲಿಸುತ್ತೇನೆ, ಚೆನ್ನಾಗಿದ್ದರೂ ಸರಿ. ಮಳೆಗಾಲದಲ್ಲಿ ಯಂತ್ರವನ್ನು ಅಟ್ಟದಲ್ಲಿ ನೇತುಹಾಕುತ್ತೇನೆ.

ಕೊರತೆಗಳೂ ಇವೆ. ವಾಲಿ ಬೆಳೆದ ಮರಕ್ಕೆ ಇದು ಆಗುವುದಿಲ್ಲ, ಚೌಕಟ್ಟು ಪಕ್ಕಕ್ಕೆ ತಿರುಗುತ್ತದೆ. ಅಂಥ ನಾಲ್ಕು ಮರ ನಮ್ಮಲ್ಲಿವೆ, ಅವುಗಳ ಕಾಯಿ ಬಿದ್ದಾಗಲೇ ಹೆಕ್ಕುವುದು. ವಿದ್ಯುತ್ ತಂತಿಯ ಪಕ್ಕದ ಮರವನ್ನು ಮುಟ್ಟುವುದೇ ಇಲ್ಲ. ಮೆಟ್ಟು ಗೊನೆಯ ಕೆಳಗೇ ನಿಲ್ಲುತ್ತದೆ. ಹಾಗಾಗಿ ಕಾಯಿ ಕೀಳಬಹುದು, ಆದರೆ ಸುಳಿಯವರೆಗೆ ಕೈ ಎಟುಕುವುದಿಲ್ಲ. ಕುರುವಾಯಿ ದುಂಬಿ ಕೊರೆದ ತೂತು ನೋಡಬೇಕಾದರೆ ಮಡಲುಗಳ ನಡುವೆ ಏರಬೇಕು. ಎಲ್ಲಕ್ಕಿಂತ ಅಪಾಯದ ಗಳಿಗೆ ಅದೇ. ಹಳದಿಯಾದ ಮಡಲನ್ನು ಹಿಡಿಯಲೇಬೇಡಿ, ಅದು ಬುಡದಿಂದಲೇ ಕಳಚಿಬರುತ್ತದೆ.

ಕಲಿಯದೆ ಹತ್ತಬೇಡಿ ಎಂದು ಕೈಮುಗಿದು ಹೇಳುತ್ತೇನೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರದ ಗೆಳೆಯರು ಎಂಬ ತರಬೇತಿ ಶುರುಮಾಡಿತು. ಆರು ದಿನದ ಕಲಿಕೆ, ಯಂತ್ರದಲ್ಲಿ ಹತ್ತುವುದರ ಜೊತೆಗೆ ರೋಗ, ಕೀಟ, ಗೊಬ್ಬರದ ಪಾಠವೂ ಇರುತ್ತದೆ. ಹೆಂಗಸರೂ ಕಲಿತು ಹತ್ತುತ್ತಾರೆ. ಮರ ಹತ್ತುವವರಿಗಾಗಿಯೇ ಕೇರಾ ಸುರಕ್ಷಾ ಎಂಬ ವಿಮೆ ಇದೆ, ಅದನ್ನೂ ಕೇಳಿ ಮಾಡಿಸಿಕೊಳ್ಳಿ.

ಈಗ ಬೆಳಿಗ್ಗೆ ಏಳಕ್ಕೆ ಶುರುಮಾಡಿದರೆ ಬಿಸಿಲೇರುವ ಮೊದಲು 12 ಮರ ಮುಗಿಯುತ್ತದೆ. 45 ದಿನಕ್ಕೊಮ್ಮೆ ಕಾಯಿ ಕೀಳುತ್ತೇವೆ. ಒಬ್ಬನೇ ಇರುವ ದಿನ ಹತ್ತುವುದಿಲ್ಲ. ಅಮ್ಮ ಬೀಳುವ ಕಾಯಿಗೆ ಸಿಗದಷ್ಟು ದೂರದಲ್ಲಿ, ಹಲಸಿನ ಮರದ ಕೆಳಗೆ ಕೂರುತ್ತಾರೆ. ನಾನು ಮೊದಲ ಮೆಟ್ಟಿಗೆ ಕಾಲಿಡುವಾಗ, "ಹಗ್ಗ ಹಾಕಿದ್ಯಾ ಮಗಾ?" ಎಂದು ಕೂಗುತ್ತಾರೆ. ಎಳೆದು ತೋರಿಸಿದ ಮೇಲೆಯೇ ಹತ್ತುವುದು.